ನಿದ್ದೆ ಹೋಗುವವರ ಕಾಲೇಜು

"ನಿನ್ನಿಷ್ಟ" ಎಂದು ಹೇಳಿ ಮನೆಯಿಂದ ಹೊರಬಿದ್ದವನಿಗೆ ಅಂಗಡಿ ಹತ್ತಿರವಾಗುತ್ತ ಬಂದರೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಲೇ ಇತ್ತು. ಕೆಟ್ಟ ಮಾತೇನೂ ಅಲ್ಲ. ಮಗಳಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಎರಡರಲ್ಲೂ ಅವಳು ಬಯಸಿದ ಸಸ್ಯಶಾಸ್ತ್ರವೇ ಇದೆ. ಒಂದು ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ, ಇನ್ನೊಂದು ಒಂದು ಇಡೀ ರಾತ್ರಿ ರೈಲಿನಲ್ಲಿ ಕೂತು ತಲುಪುವಷ್ಟು ದೂರ. ಯಾವುದೆಂದು ಇವತ್ತು ಸಂಜೆಯೊಳಗೆ ತಿಳಿಸಬೇಕು, ಇಲ್ಲದಿದ್ದರೆ ಎರಡೂ ಕೈತಪ್ಪುತ್ತವೆ. ಬೆಳಿಗ್ಗೆ ಅವಳು ಲೋಟ ಕೆಳಗಿಟ್ಟು, "ಅಪ್ಪಾ, ನೀನಾದ್ರೂ ಹೇಳು, ಯಾವುದಕ್ಕೆ ಹೋಗಲಿ?" ಎಂದು ಕೇಳಿದಾಗ ಅವನು ಶರಟಿನ ಗುಂಡಿ ಹಾಕಿಕೊಳ್ಳುತ್ತ, ಈ ಗಳಿಗೆಗಾಗಿ ಎಷ್ಟೋ ವರ್ಷಗಳಿಂದ ಕಾದಿದ್ದವನ ಹಾಗೆ, ಸ್ವಲ್ಪ ಜಂಬದಿಂದಲೇ ಹೇಳಿದ್ದ: "ಓದೋಳು ನೀನು. ನಿನ್ನಿಷ್ಟ. ನಮ್ಮ ಕಾಲದಲ್ಲಿ ನಮ್ಮನ್ನ ಯಾರೂ ಕೇಳ್ತಿರಲಿಲ್ಲ ಗೊತ್ತಾ?" ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಮುಖವನ್ನು, ಮುಚ್ಚಿದ ಅಂಗಡಿಯ ಬಾಗಿಲನ್ನು ನೋಡುವ ಹಾಗೆ ನೋಡಿ, ಲೋಟ ಎತ್ತಿಕೊಂಡು ಒಳಗೆ ಹೋದಳು. ಹೆಂಡತಿ ಒಳಗಿನಿಂದಲೇ, "ಇಷ್ಟ ಇಷ್ಟ ಅಂತ ಹೇಳಿ ಕೈ ತೊಳ್ಕೊಂಡ್ಬಿಟ್ರೆ ಆಯ್ತೇನ್ರೀ? ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡ.

ಕೈ ತೊಳೆದುಕೊಂಡಿದ್ದೇನೆಯೇ? ರಸ್ತೆ ದಾಟುವಾಗ, ಅಂಗಡಿಯ ಶಟರ್ ಎತ್ತುವಾಗ, ಗಾಜಿನ ಕಪಾಟುಗಳ ಧೂಳು ಒರೆಸುವಾಗಲೂ ಅದೇ ಪ್ರಶ್ನೆ. ತನ್ನಪ್ಪನ ಹಾಗೆ ಆಗಬಾರದು ಎಂಬುದೊಂದೇ ವ್ರತವನ್ನು ಇಷ್ಟು ವರ್ಷ ಪಾಲಿಸಿಕೊಂಡು ಬಂದವನು ಅವನು. ಮಗಳ ಬಟ್ಟೆಯ ಬಣ್ಣ ಅವಳಿಷ್ಟ, ಕೂದಲಿನ ಉದ್ದ ಅವಳಿಷ್ಟ, ಶಾಲೆಯಲ್ಲಿ ಕಲಿಯುವ ಭಾಷೆ ಅವಳಿಷ್ಟ. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು ಎಂಬುದೂ ನಿಜ. ಆದರೆ ಇವತ್ತು ಬೆಳಿಗ್ಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಕೊನೆಯ ಗುಂಡಿ ತೂತಿಗೆ ಸಿಗದೆ ಬೆರಳು ತಡವರಿಸಿದ್ದನ್ನು ಯಾರೂ ನೋಡಲಿಲ್ಲ. ಅವಳು ದೂರದ್ದನ್ನು ಹೇಳಿಬಿಟ್ಟರೆ ಎಂಬ ಭಯ ಅವನಿಗೆ. ಆ ಭಯದ ಮೇಲೆ 'ನಿನ್ನಿಷ್ಟ' ಎಂಬ ಚಂದದ ಬಟ್ಟೆ ಹೊದಿಸಿ ಬಂದಿದ್ದ.

ಅವನದು ಕನ್ನಡಕದಂಗಡಿಯ ಹಿಂಭಾಗದ ಕತ್ತಲೆ ಕೋಣೆಯ ಕೆಲಸ. ಒಂದು ಎತ್ತರದ ಕುರ್ಚಿ, ಎದುರು ಗೋಡೆಯ ಮೇಲೆ ದೀಪ ಹೊತ್ತ ಅಕ್ಷರಗಳ ಹಲಗೆ, ಪಕ್ಕದಲ್ಲಿ ಗದ್ದ ಊರಿ ಕೂರುವ ಯಂತ್ರ, ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ದುಂಡು ಗಾಜುಗಳು. ಬಂದವರ ಮೂಗಿನ ಮೇಲೆ ಪರೀಕ್ಷೆಯ ಭಾರದ ಫ್ರೇಮು ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು, "ಇದು ಚೆನ್ನಾಗಿ ಕಾಣುತ್ತಾ, ಅದಾ? ಇದಾ, ಅದಾ?" ಎಂದು ಕೇಳುವುದೇ ಅವನ ದಿನಗೆಲಸ. ಜನ ಶುರುವಿನಲ್ಲಿ ಧೈರ್ಯವಾಗಿ ಹೇಳುತ್ತಾರೆ. ಎರಡು ಗಾಜುಗಳ ಅಂತರ ಕಡಿಮೆಯಾಗುತ್ತ ಬಂದ ಹಾಗೆ ಅವರ ದನಿ ಇಳಿಯುತ್ತದೆ. "ಎರಡೂ ಒಂದೇ ಥರ ಕಾಣ್ತಿದೆಯಲ್ಲ ಸಾರ್" ಎಂದು, ಪರೀಕ್ಷೆಯಲ್ಲಿ ಫೇಲಾದವರ ಹಾಗೆ ಅಳುಕುತ್ತಾರೆ. ಎರಡೂ ಒಂದೇ ಥರ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೇವೆ ಎಂದರ್ಥ, ಅಳುಕಬೇಕಾದ್ದಿಲ್ಲ ಎಂದು ಅವನು ಎಷ್ಟು ಹೇಳಿದರೂ ನಂಬುವುದಿಲ್ಲ. ಕೆಲವರಂತೂ, "ನೀವೇ ನೋಡಿ ಹೇಳ್ಬಿಡಿ" ಎಂದು ಕೈಚೆಲ್ಲುತ್ತಾರೆ. ಇಂಥವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಕಣ್ಣು ನಿಮ್ಮದು, ನಾನು ಹೇಗೆ ಹೇಳಲಿ? ಮಾತು ಹೊರಗೆ ಬರುವಾಗ ಮಾತ್ರ ನಯವಾಗಿ ಬರುತ್ತದೆ: "ತಲೆ ನೇರ ಇಡಿ. ಅವಸರ ಇಲ್ಲ. ಇನ್ನೊಂದ್ಸಲ ನೋಡಿ. ಇದಾ, ಅದಾ?"

ತಲೆ ಬಗ್ಗಿಸು. ಅಪ್ಪನ ಅಂಗಡಿಯಲ್ಲಿ ಕೇಳುತ್ತಿದ್ದ ಮಾತು ಅದು. ಅಪ್ಪನದು ಕ್ಷೌರದಂಗಡಿ. ಎರಡು ಕುರ್ಚಿ, ಎದುರುಬದುರು ಎರಡು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಎದುರಿನ ಕನ್ನಡಿಯೊಳಗೆ ಹಿಂದಿನ ಕನ್ನಡಿ, ಅದರೊಳಗೆ ಮತ್ತೆ ಇದು, ಹೀಗೆ ಒಳಗೊಳಗೆ ಹೋಗುತ್ತಿದ್ದ ಅಪ್ಪಂದಿರ ಸಾಲನ್ನು ನೋಡುತ್ತ ಅವನು ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದ. ಅವನ ಶಾಲೆ ಮುಗಿದ ಆ ಬೇಸಿಗೆಯಿಡೀ ಅಪ್ಪ ತಲೆ ಕೊಟ್ಟು ಕೂತವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಹುಡುಗನ್ನ ಯಾವ ಕಾಲೇಜಿಗೆ ಹಾಕಲಿ, ನೀವೇ ಹೇಳಿ." ಕೆನ್ನೆ ತುಂಬ ಸೋಪಿನ ನೊರೆ, ಗಂಟಲ ಮೇಲೆ ಕತ್ತಿ. ಯಾರು ಏನು ಹೇಳಿಯಾರು? ಹೂಂ ಎನ್ನುವುದಕ್ಕೂ ಹೆದರಿಕೆ. ಅಪ್ಪ ತಾನೇ ಒಂದು ಹೆಸರು ಹೇಳಿ, "ಅದಾದ್ರೆ ಆಗಬಹುದಾ?" ಎಂದರೆ ಅವರು ರೆಪ್ಪೆ ಬಡಿದು ಒಪ್ಪಿಗೆ ಕೊಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ, "ಅಂಚೆ ಮಾಸ್ತರೂ ಅದೇ ಅಂದ್ರು, ಕೋರ್ಟಿನ ಗುಮಾಸ್ತರೂ ಅದೇ ಅಂದ್ರು" ಎಂದು ವರದಿ ಒಪ್ಪಿಸುತ್ತಿದ್ದ. ಬಾಯಿ ತೆರೆಯದ ಮಹನೀಯರೆಲ್ಲ ಸೇರಿ ತನ್ನ ಭವಿಷ್ಯವನ್ನು ಅವಿರೋಧವಾಗಿ ಆರಿಸುತ್ತಿದ್ದಾರೆ ಎಂದು ಅವನು ಅನ್ನ ಕಲಸುತ್ತ ಕುದಿಯುತ್ತಿದ್ದ. ನಾಚಿಕೆಯೂ ಆಗುತ್ತಿತ್ತು. ತನ್ನ ಅಂಕಗಳು, ತನ್ನ ಕೆಮ್ಮು, ತನ್ನ ಪುಕ್ಕಲುತನ ಎಲ್ಲವೂ ಊರಿನವರ ಕೂದಲಿನ ಜೊತೆ ನೆಲಕ್ಕೆ ಬಿದ್ದು ಹರಡಿದಂತೆ.

"ತಪ್ಪು ಹೇಳಿದ್ರೆ ಬೇರೆ ಕನ್ನಡಕ ಬಂದ್ಬಿಡುತ್ತಾ?" ಎಂದು ಕೇಳಿತು ಒಂದು ದನಿ. ಕುರ್ಚಿಯಲ್ಲಿ ವಯಸ್ಸಾದ ಹೆಂಗಸು. ದಪ್ಪ ಫ್ರೇಮಿನೊಳಗಿಂದ ಅವಳ ಕಣ್ಣುಗಳು ದೊಡ್ಡದಾಗಿ, ತುಂಟತನದಿಂದ ಕಾಣುತ್ತಿದ್ದವು. ತಾನು ಗಾಜು ಕೈಯಲ್ಲಿ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದನೋ! "ತಪ್ಪು ಅಂತ ಇಲ್ಲಮ್ಮಾ. ನಿಮಗೆ ಕಂಡದ್ದನ್ನ ಹೇಳಿ" ಎಂದ. ಹೇಳಿದ ಮೇಲೆ, ಯಾಕೋ, ತಡೆಯಲಾಗದೆ ಕೇಳಿಯೇಬಿಟ್ಟ: "ನೀವು ಕಾಲೇಜು ಓದಿದವರಾ ಅಮ್ಮಾ? ಯಾವ ಕಾಲೇಜು ಅಂತ ಹೇಗೆ ಆರಿಸಿದ್ರಿ?" ಕೇಳಿದ ಮರುಕ್ಷಣ ಅವನ ಕಿವಿ ಬಿಸಿಯಾಯಿತು. ಕುರ್ಚಿಯಲ್ಲಿ ಅಲುಗಾಡದೆ ಕೂತವರ ಹತ್ತಿರ ಮಕ್ಕಳ ಕಾಲೇಜಿನ ಮಾತು! ಬೆಳಿಗ್ಗೆಯಿಂದ ಇವಳು ಎಷ್ಟನೆಯವಳೋ. ಮೊದಲು ಬಂದ ಬ್ಯಾಂಕಿನವನನ್ನೂ ಕೇಳಿದ್ದ, ಗದ್ದ ಊರಿ ಕೂತಿದ್ದ ಡ್ರೈವರನ್ನೂ ಕೇಳಿದ್ದ. ಆ ಡ್ರೈವರು ಗದ್ದ ಅಲುಗಿಸಲಾಗದೆ ಗಂಟಲಲ್ಲೇ ಏನೋ ಗೊಣಗಿದ್ದ.

"ನಾನೆಲ್ಲಿ ಆರಿಸಿದೆ? ನಮ್ಮಣ್ಣ ಹೋಗಿ ನೋಡ್ಕೊಂಡು ಬಂದ" ಎಂದಳು ಮುದುಕಿ, ಅಕ್ಷರದ ಹಲಗೆಯಿಂದ ದೃಷ್ಟಿ ತೆಗೆಯದೆ. "ಒಂದು ಕಾಲೇಜಿನ ಕಾಂಪೌಂಡು ಎದೆಮಟ್ಟ ಇತ್ತಂತೆ. ಇನ್ನೊಂದರದ್ದು ಆಳೆತ್ತರ. ಗೋಡೆ ಎತ್ತರ ಇರೋದಕ್ಕೇ ಸೇರಿಸಿದ."

"ಏನು ಓದಿದ್ರಿ?"

"ಏನೋ ಓದಿದೆ. ಗೋಡೆ ಮಾತ್ರ ಚೆನ್ನಾಗಿ ನೆನಪಿದೆ." ಅವಳು ನಕ್ಕಳು, ಫ್ರೇಮು ಮೂಗಿನಿಂದ ಜಾರಿತು. "ಆಗ ಹಾಗೇ ಅಲ್ವಾ? ನಮ್ಮ ಪಕ್ಕದ ಮನೆಯವನನ್ನ ಬಸ್ಸು ಎದುರಿಗೇ ನಿಲ್ಲುತ್ತೆ ಅಂತ ಒಂದು ಕಾಲೇಜಿಗೆ ಹಾಕಿದ್ರು. ಮೂರನೇ ವರ್ಷ ಬಸ್ಸಿನ ದಾರಿ ಬದಲಾಯ್ತು, ಪಾಪ! ಹಿಂದಿನದೇ ಚೆನ್ನಾಗಿತ್ತು ನೋಡಿ."

"ಕಾಲವಾ?"

"ಗಾಜು ಕಣಪ್ಪಾ. ಇದಲ್ಲ, ಹಿಂದಿನದು."

ಅವನೂ ನಕ್ಕ. ಗಾಜಿನ ನಂಬರು ಬರೆದುಕೊಟ್ಟು, ಕೈಹಿಡಿದು ಕುರ್ಚಿಯಿಂದ ಇಳಿಸಿದ. ಅವಳು ಅಣ್ಣನ ಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದ್ದಳು. ಆ ನಗು ತನಗೇಕೆ ಇಷ್ಟು ವರ್ಷವಾದರೂ ಬರಲಿಲ್ಲ?

ಬರಬಹುದಿತ್ತು, ಯಾಕೆಂದರೆ ಅಪ್ಪ ಕೊನೆಗೆ ಕಾಲೇಜು ಆರಿಸಿದ ಬಗೆ ಗೋಡೆಯ ಎತ್ತರಕ್ಕಿಂತ ನಗೆ ಬರಿಸುವಂಥದ್ದು. ಊರಿನಲ್ಲಿ ಎರಡು ಕಾಲೇಜು. ಎರಡರ ಹುಡುಗರೂ ಅಪ್ಪನ ಹತ್ತಿರವೇ ಕಟಿಂಗಿಗೆ ಬರುತ್ತಿದ್ದರು. ಹೊಳೆಯಾಚೆಯ ಕಾಲೇಜಿನವರು ಬಿಳಿ ಬಟ್ಟೆ ಹೊದಿಸುವಷ್ಟರಲ್ಲಿ ಕಣ್ಣುಮುಚ್ಚಿ, ಕತ್ತರಿಯ ಸದ್ದು ಶುರುವಾಗುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದರು. ತಲೆ ಅಪ್ಪ ತಿರುಗಿಸಿದ ಕಡೆ ತಿರುಗುತ್ತಿತ್ತು. ಪೇಟೆಯ ಕಾಲೇಜಿನವರು ಹಾಗಲ್ಲ. ಜೊತೆಜೊತೆಯಾಗಿ ಬಂದು, ಒಬ್ಬ ಕುರ್ಚಿಯಲ್ಲಿ, ಇನ್ನೊಬ್ಬ ಬೆಂಚಿನಲ್ಲಿ ಕೂತು ವಾದ ಮಾಡುತ್ತಿದ್ದರು. ಒಂದು ದಿನ ಒಬ್ಬ ಬೆಳಕಿನ ವಿಷಯ ಏನೋ ಹೇಳುತ್ತಿದ್ದ, ಬೆಳಕು ಗಾಜಿನೊಳಗೆ ಹೋಗುವಾಗ ಯಾಕೆ ಬಾಗುತ್ತದೆ ಎಂದು. ಬೆಂಚಿನಲ್ಲಿದ್ದವನು, "ಹಾಗಲ್ಲವೋ ದಡ್ಡಾ" ಎಂದ. ಕುರ್ಚಿಯಲ್ಲಿದ್ದವನು ಸರಕ್ಕನೆ ತಿರುಗಿದ, ಕತ್ತರಿ ಕಿವಿಯ ತುದಿ ಕಚ್ಚಿತು. ರಕ್ತ ಕಂಡು ಅಪ್ಪ ಹತ್ತಿ ಹುಡುಕಿ ತಂದ. ಆ ಹುಡುಗ ಮಾತ್ರ ಕಿವಿಗೆ ಹತ್ತಿ ಒತ್ತಿಕೊಂಡು, ಮಾತು ಮುಂದುವರಿಸುತ್ತಲೇ ಇದ್ದ. ಬೆಂಚಿನ ತುದಿಯಲ್ಲಿ ಕೂತಿದ್ದ ಇವನ ಮೈ ಜುಮ್ಮೆಂದಿತು. ಕಿವಿ ಕುಯ್ದರೂ ನಿಲ್ಲಿಸಲಾಗದಂಥ ಮಾತು ಇರುವ ಜಾಗ ಒಂದು ಇದೆ, ತಾನು ಅಲ್ಲಿಗೆ ಹೋಗಬೇಕು ಎಂದು ಅವತ್ತೇ ಅವನಿಗೆ ಗೊತ್ತಾಯಿತು. ಅಪ್ಪನಿಗೂ ಅವತ್ತೇ ಗೊತ್ತಾಯಿತು. ರಾತ್ರಿ ಅಮ್ಮನಿಗೆ ಹೇಳಿದ: "ಪೇಟೆ ಕಾಲೇಜಿನವರಿಗೆ ತಲೆ ನಿಲ್ಲಿಸೋಕೇ ಬರಲ್ಲ, ಅವರೇನು ಓದ್ತಾರೆ? ಹೊಳೆಯಾಚೆಯ ಹುಡುಗರನ್ನ ನೋಡು, ಕೂತ ತಕ್ಷಣ ನಿದ್ದೆ. ಅಷ್ಟು ಓದಿಸ್ತಾರೆ ಅಲ್ಲಿ, ಪಾಪ, ರಾತ್ರಿಯೆಲ್ಲ ಕಣ್ಣು ಮುಚ್ಚಿರಲ್ಲ." ತಲೆಗಳನ್ನು ನೋಡಿಯೇ ಬದುಕಿದವನು ತಲೆಗಳನ್ನು ನೋಡಿಯೇ ತೀರ್ಮಾನ ಮಾಡಿದ್ದ.

ಹೊಳೆಯಾಚೆಯ ಕಾಲೇಜಿಗೆ ಸೇರಿದ ಮೊದಲ ವಾರದಲ್ಲೇ ನಿದ್ದೆಯ ಗುಟ್ಟು ಬಯಲಾಯಿತು. ಅಲ್ಲಿ ಎಲ್ಲರೂ ನಿದ್ದೆ ಹೋಗುತ್ತಿದ್ದರು. ಮೇಷ್ಟ್ರು ಹಳೆಯ ಪಾಠವನ್ನು ಗೋಡೆಗೆ ಒಪ್ಪಿಸುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಕಿಟಕಿಯಿಂದ ಹೊಳೆಯ ಗಾಳಿ ತಣ್ಣಗೆ ಬೀಸುತ್ತಿತ್ತು. ನಿದ್ದೆಯೇ ಅಲ್ಲಿಯ ಮುಖ್ಯ ವಿಷಯ, ಉಳಿದದ್ದೆಲ್ಲ ಐಚ್ಛಿಕ. ಅವನೂ ಕ್ರಮೇಣ ಕಲಿತ. ಬೆಳಕಿನ ಶಾಸ್ತ್ರ ಓದಬೇಕೆಂದಿದ್ದವನು ಲೆಕ್ಕಪತ್ರದ ಪಾಠದಲ್ಲಿ ತೂಕಡಿಸಿ, ಪಾಸಾಗಿ, ಎಲ್ಲೆಲ್ಲೋ ಸುತ್ತಿ ಬಳಸಿ, ಕೊನೆಗೆ ಕಣ್ಣು ಪರೀಕ್ಷೆಯ ಡಿಪ್ಲೊಮಾ ಮಾಡಿಕೊಂಡು ಈ ಕತ್ತಲೆ ಕೋಣೆಗೆ ಬಂದ. ಗಾಜಿನೊಳಗೆ ಬೆಳಕು ಬಾಗುವುದನ್ನೇ ನೋಡುತ್ತ ಹೊಟ್ಟೆ ಹೊರೆಯುತ್ತಿದ್ದೇನೆ, ನಷ್ಟವೇನಾಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಮಾಡಿಕೊಂಡೂ ಇದ್ದಾನೆ. ಆದರೆ ಆಗ, ಹದಿನೆಂಟರಲ್ಲಿ, ಸಂಜೆ ಅಂಗಡಿಯ ಮುಂದೆ ಹಾದು ಬರುವಾಗ ಅಪ್ಪ ಕುರ್ಚಿಯಲ್ಲಿದ್ದವರಿಗೆ ಕೇಳಿಸುವ ಹಾಗೆ, "ಹೇಗಿದೆಯೋ ಕಾಲೇಜು?" ಎಂದು ಕೂಗುತ್ತಿದ್ದ, ಅವನು "ಚೆನ್ನಾಗಿದೆ" ಎನ್ನುತ್ತಿದ್ದ. "ನಾನೇ ಆರಿಸಿದ್ದು" ಎಂದು ಅಪ್ಪ ನೊರೆ ತುಂಬಿದ ಮುಖಕ್ಕೆ ಹೇಳುವುದು ಬೆನ್ನಿಗೆ ಕೇಳಿಸುತ್ತಿತ್ತು.

ಒಂದು ದಿನ ಅವನು ಬಸ್‌ ಸ್ಟ್ಯಾಂಡಿನ ಹತ್ತಿರದ ಬೇರೆ ಅಂಗಡಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡು ಬಂದ. ಬೇಕೆಂದೇ. ಕ್ಷೌರಿಕನ ಮಗ ಬೇರೆಯವನಿಗೆ ತಲೆ ಕೊಟ್ಟು ಬಂದಿದ್ದಾನೆ ಎಂದರೆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ್ದಿಲ್ಲ. ಮನೆಗೆ ಬಂದು ಅಪ್ಪನ ಎದುರೇ ಊಟಕ್ಕೆ ಕೂತ. ಅಮ್ಮ ಬಡಿಸುವ ಕೈಯನ್ನು ಅರ್ಧಕ್ಕೆ ನಿಲ್ಲಿಸಿದಳು. ಅಪ್ಪ ಎದ್ದು ಬಂದು ಹಿಂದೆ ನಿಂತು, ಅವನ ಕುತ್ತಿಗೆಯನ್ನು ಬಹಳ ಹೊತ್ತು ನೋಡಿದ. ಹೊಡೆಯುತ್ತಾನೆ ಎಂದು ಇವನು ಕಾದ. ಹೊಡೆದರೆ ಎಲ್ಲವನ್ನೂ ಹೇಳಿಬಿಡಬೇಕೆಂದು, ನಿದ್ದೆಯ ವಿಷಯ, ಕಿವಿ ಕುಯ್ಸಿಕೊಂಡ ಹುಡುಗನ ವಿಷಯ, ನೊರೆಯ ಮುಖಗಳ ವಿಷಯ, ಎಲ್ಲವನ್ನೂ ನಾಲಗೆಯ ತುದಿಗೆ ತಂದುಕೊಂಡು ಕೂತ. ಅಪ್ಪ, "ಎಡಗಡೆ ಸ್ವಲ್ಪ ಜಾಸ್ತಿ ತೆಗೆದಿದ್ದಾನೆ" ಎಂದ, ಅಷ್ಟೇ. ಹೋಗಿ ತನ್ನ ತಟ್ಟೆಯ ಮುಂದೆ ಕೂತ. ಆಮೇಲೆ ಯಾವತ್ತೂ ಕಾಲೇಜು ಹೇಗಿದೆ ಎಂದು ಕೂಗಲಿಲ್ಲ. ಸಾಯುವವರೆಗೂ ಅವನ ತಲೆ ಮುಟ್ಟಲಿಲ್ಲ. ಈಗ ತಲೆಯಲ್ಲಿ ಉಳಿದಿರುವುದೇ ನಾಲ್ಕು ಕೂದಲು, ಆದರೂ ಎಡಗಡೆಯ ಕಿವಿಯ ಹಿಂದೆ ಆಗಾಗ ತಣ್ಣಗೆ ಅನ್ನಿಸುತ್ತದೆ.

ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಕೋಣೆಯ ಪರದೆ ಸರಿಯಿತು. ಮಗಳು. ಇಲ್ಲಿಗೆ ಬರುವವಳೇ ಅಲ್ಲ. "ತಲೆನೋವು" ಎಂದಳು. "ಕಣ್ಣು ನೋಡ್ತೀಯಾ?" ಅವನು ಗಾಬರಿಯಾದ. ಸಂಜೆಯೊಳಗೆ ಹೇಳಬೇಕಾದ್ದನ್ನು ಇನ್ನೂ ಹೇಳಿಲ್ಲ ಎಂಬುದು ಅವಳ ಮುಖದಲ್ಲೇ ಬರೆದಿತ್ತು. ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡು, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಫ್ರೇಮು ಮೂಗಿನ ಮೇಲಿಟ್ಟು ಕಪ್ಪು ಬಿಲ್ಲೆ ಹಾಕಿ ಬಲಗಣ್ಣು ಮುಚ್ಚಿದ. ಅವಳ ತಲೆ ತಾನಾಗಿ ಬಾಗಿತು. ಗಾಜು ತೆಗೆದುಕೊಳ್ಳಲು ಅವಳ ಹಿಂದೆ ಸರಿದಾಗ ಕುತ್ತಿಗೆ ಕಂಡಿತು. ಸಣ್ಣದು. ಎಳೆಯ ಕೂದಲು ಬೆವರಿಗೆ ಅಂಟಿಕೊಂಡಿತ್ತು.

ಆ ಕುತ್ತಿಗೆಯನ್ನು ನೋಡುತ್ತಿದ್ದ ಹಾಗೆ ಕತ್ತರಿಯ ಸದ್ದು ನಿಂತಿತು. ಇಲ್ಲಿ ಯಾವ ಕತ್ತರಿಯೂ ಇಲ್ಲ. ಅಲ್ಲಿ, ಅಪ್ಪನ ಅಂಗಡಿಯಲ್ಲಿ, ಕಾಲೇಜಿಗೆ ಸೇರುವ ಹಿಂದಿನ ಸಂಜೆ. ಗಿರಾಕಿಗಳೆಲ್ಲ ಹೋದ ಮೇಲೆ ಅಪ್ಪ ಅವನನ್ನು ಕೂರಿಸಿ, ಹೊಸದಾಗಿ ಒಗೆದ ಬಟ್ಟೆ ಹೊದಿಸಿ, "ತಲೆ ಬಗ್ಗಿಸು" ಎಂದು ಹಿಂದಲೆಯ ಮೇಲೆ ಅಂಗೈ ಒತ್ತಿ ಹಿಡಿದು ಕತ್ತರಿಸುತ್ತಿದ್ದ. ಆ ಅಂಗೈಯ ಭಾರ ಅವನಿಗೆ ಚೆನ್ನಾಗಿ ನೆನಪಿದೆ. ಮೂವತ್ತು ವರ್ಷಗಳಿಂದ ಅದನ್ನೇ ಎಲ್ಲರಿಗೂ ಹೇಳುತ್ತ ಬಂದಿದ್ದಾನೆ, ನಮ್ಮನ್ನ ತಲೆ ಎತ್ತೋಕೇ ಬಿಡಲಿಲ್ಲ ಎಂದು. ಆದರೆ ಕತ್ತರಿ ಒಮ್ಮೆ ನಿಂತಿತ್ತು. ಅಂಗೈ ಹಗುರವಾಗಿತ್ತು. ಅಪ್ಪ, ಯಾರಿಗೋ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, "ನಿನ್ನ ಮನಸ್ಸಲ್ಲಿ ಬೇರೆ ಏನಾದ್ರೂ ಇದೆಯೇನೋ?" ಎಂದು ಕೇಳಿದ್ದ. ಕೇಳಿದ್ದ! ಅವನು ಮಡಿಲಲ್ಲಿ ಬಿದ್ದಿದ್ದ ತನ್ನದೇ ಕೂದಲಿಗೆ ಹೇಳಿದ್ದ: "ನೀವು ಹೇಳಿದ ಹಾಗೆ." ತಲೆ ಎತ್ತಿದ್ದರೆ ಎದುರು ಕನ್ನಡಿಯಲ್ಲಿ ಅಪ್ಪನ ಮುಖ ಕಾಣುತ್ತಿತ್ತು. ಎತ್ತಲಿಲ್ಲ. ಕತ್ತರಿ ಇನ್ನೂ ಸ್ವಲ್ಪ ಹೊತ್ತು ಕಾದು, ಮತ್ತೆ ಶುರುವಾಯಿತು. ಇಡೀ ಬೇಸಿಗೆ ಊರಿನವರನ್ನೆಲ್ಲ ಕೇಳಿದವನು ಹೆದರಿದ್ದ. ತಾನೊಬ್ಬನೇ ಹೊರಲಾರದ ಭಾರವನ್ನು ಕುರ್ಚಿಗೆ ಬಂದವರಿಗೆಲ್ಲ ಒಂದೊಂದು ಚೂರು ಹಂಚುತ್ತ ತಿರುಗಿದ್ದ. ಮಗನಿಗೂ ಒಂದು ಚೂರು ಚಾಚಿದ್ದ, ಮಗ ಕೈ ಹಿಂದಕ್ಕೆ ಎಳೆದುಕೊಂಡಿದ್ದ.

"ಅಪ್ಪಾ, ಏನಾಯ್ತು?"

"ಏನಿಲ್ಲ. ತಲೆ ನೇರ ಇಡು. ಇದಾ, ಅದಾ?"

"ಗೊತ್ತಾಗ್ತಿಲ್ಲ. ನೀನೇ ಹೇಳು."

"ನಿನ್ನ ಕಣ್ಣಮ್ಮಾ, ನಾನು ಹೇಗೆ ಹೇಳಲಿ?"

ಮಗಳು ಹಲಗೆಯ ಕಡೆಗೇ ಮುಖಮಾಡಿ ಅಂದಳು: "ಮನೇಲೂ ಇದೇ, ಇಲ್ಲೂ ಇದೇ. ಯಾವಾಗ ಕೇಳಿದ್ರೂ ನಿನ್ನಿಷ್ಟ. ಯಾವ ಬಟ್ಟೆ? ನಿನ್ನಿಷ್ಟ. ಯಾವ ಕಾಲೇಜು? ನಿನ್ನಿಷ್ಟ. ನಾನು ಇದ್ರೂ ಆಯ್ತು ಹೋದ್ರೂ ಆಯ್ತು ಅನ್ನೋ ಥರ."

"ಹಾಗಲ್ಲ ಕಣೇ. ನಿನ್ನ ಮೇಲೆ ನಾನು ಯಾಕೆ ಹೇರಬೇಕು ಅಂತ..."

"ಹೇರು ಅಂದ್ನಾ ನಾನು? ಹೇಳು ಅಂದೆ. ನೀನು ಒಂದು ಹೇಳಿದ್ರೆ ತಾನೇ ನಾನು ಬೇಡ ಅನ್ನೋಕಾಗೋದು!"

ಹೊರಗೆ ಅಂಗಡಿಯ ಮಾಲೀಕ ಯಾರಿಗೋ ಫ್ರೇಮು ತೋರಿಸುತ್ತ, ಇದು ನಿಮ್ಮ ಮುಖಕ್ಕೇ ಮಾಡಿಸಿದ ಹಾಗಿದೆ ಎನ್ನುತ್ತಿದ್ದ. ಎಲ್ಲರಿಗೂ ಅದನ್ನೇ ಹೇಳುತ್ತಾನೆ. ಇವನು ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟ. ಎರಡು ಸಲ ಇಡಬೇಕಾಯಿತು. ಅವಳ ಹಿಂದಿನಿಂದ ಸರಿದು, ಸ್ಟೂಲು ಎಳೆದುಕೊಂಡು, ಅವಳ ಎದುರಿಗೆ, ಅಕ್ಷರದ ಹಲಗೆಗೆ ಅಡ್ಡವಾಗಿ ಕೂತ.

"ಇಲ್ಲೇ ಇರು" ಎಂದ. ದನಿ ತನ್ನದೇ ಅನ್ನಿಸಲಿಲ್ಲ. "ಹತ್ತಿರದ್ದಕ್ಕೆ ಹೋಗು. ನೀನು ದೂರ ಹೋಗೋದು ನನಗೆ ಇಷ್ಟ ಇಲ್ಲ. ಒಳ್ಳೆ ಕಾಲೇಜು, ಕೆಟ್ಟ ಕಾಲೇಜು, ಅದೆಲ್ಲ ನನಗೆ ಗೊತ್ತಿಲ್ಲ. ಸಂಜೆ ಮನೆಗೆ ಬಂದಾಗ ನೀನು ಇರಲ್ಲ ಅಂದ್ರೆ ನನಗೆ ಭಯ ಆಗುತ್ತೆ. ಅದಕ್ಕೇ ಬೆಳಿಗ್ಗೆ ಹೇಳಲಿಲ್ಲ."

ಹೇಳಿದ ಮೇಲೆ ನಾಚಿಕೆಯಾಯಿತು. ಇಷ್ಟು ಸಣ್ಣ ಕಾರಣವೇ? ಅಂಚೆ ಮಾಸ್ತರನ್ನೂ ಗುಮಾಸ್ತರನ್ನೂ ಕೇಳಿದ ಅಪ್ಪನ ಕಾರಣಗಳು ಇದಕ್ಕಿಂತ ಎಷ್ಟೋ ದೊಡ್ಡವು. ಮಗಳ ಒಂದು ಕಣ್ಣು ಕಪ್ಪು ಬಿಲ್ಲೆಯ ಹಿಂದೆ ಮುಚ್ಚಿತ್ತು, ಇನ್ನೊಂದು ಗಾಜಿನೊಳಗೆ ಒದ್ದೆಯಾಗಿ, ದೊಡ್ಡದಾಗಿ ಅವನನ್ನೇ ನೋಡುತ್ತಿತ್ತು. ಆ ಕಣ್ಣು ಅವನ ಮುಖದ ಮೇಲೆ ನಿಧಾನವಾಗಿ ಏನನ್ನೋ ಓದಿಕೊಂಡಿತು. ಭಾರದ ಫ್ರೇಮಿನ ಕೆಳಗೆ ಅವಳ ತಲೆ ನೇರವಾಯಿತು.

"ಇಲ್ಲ ಅಪ್ಪಾ" ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾದಂತಿತ್ತು. ಮತ್ತೊಮ್ಮೆ, ಈ ಸಲ ಮೆತ್ತಗೆ ಹೇಳಿದಳು: "ಇಲ್ಲ. ನಾನು ದೂರದ್ದಕ್ಕೇ ಹೋಗ್ತೀನಿ. ನನಗೆ ಈಗ ಗೊತ್ತಾಯ್ತು."

ನೋವಾಯಿತು. ಎಷ್ಟು ನೋವಾಗಬಹುದೆಂದು ಬೆಳಗಿನಿಂದ ಅಂದುಕೊಂಡಿದ್ದನೋ ಅದಕ್ಕಿಂತ ಜಾಸ್ತಿಯೇ ಆಯಿತು. ಅದನ್ನು ಮುಚ್ಚಿಟ್ಟುಕೊಳ್ಳಬೇಕೆಂದು ಮಾತ್ರ ಅನ್ನಿಸಲಿಲ್ಲ. ಇಷ್ಟನ್ನು, ಈ ಎರಡಕ್ಷರವನ್ನು, ಮುಖಕ್ಕೆ ಮುಖ ಕೊಟ್ಟು ತಾನೂ ತನ್ನಪ್ಪನಿಗೆ ಕೊಡಬಹುದಿತ್ತು. ಕತ್ತರಿ ಹಿಡಿದು ಕಾದವನಿಗೆ ಅದನ್ನು ಕೊಡಲಿಲ್ಲ, ಬಸ್‌ ಸ್ಟ್ಯಾಂಡಿನ ಹತ್ತಿರ ಕತ್ತರಿಸಿಕೊಂಡ ಕುತ್ತಿಗೆ ತಂದು ತೋರಿಸಿದ. ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ಮಗಳು ನೋಡಿದಳು. ನೋಡಲಿ ಎಂದು ಬಿಟ್ಟ.

"ಬೇಜಾರಾಯ್ತಾ?"

"ಆಯ್ತು."

"ಅಮ್ಮಂಗೆ ನೀನೇ ಹೇಳ್ತೀಯಾ?"

"ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಅವಳು ಫ್ರೇಮು ತೆಗೆಯಲು ಕೈ ಎತ್ತಿದಳು. ಅವನು ಎದ್ದು ಸ್ಟೂಲು ಪಕ್ಕಕ್ಕೆ ಸರಿಸಿದ, ಅವಳ ಎದುರು ಅಕ್ಷರಗಳ ಹಲಗೆ ಮತ್ತೆ ಬೆಳಗಿತು. "ತೆಗೀಬೇಡ" ಎಂದು ಕಪ್ಪು ಬಿಲ್ಲೆಯನ್ನು ಬಲಗಣ್ಣಿನಿಂದ ಎಡಗಣ್ಣಿಗೆ ಬದಲಾಯಿಸಿದ. "ಇನ್ನೊಂದು ಕಣ್ಣು ಬಾಕಿ ಇದೆ."